ಮಿಸೆಸ್ ಪಫ್: ಪಕ್ಕದ ಸೀಟಿನ ಟೀಚರ್

[ಕಪ್ಪು ಪರದೆ. ಎಂಜಿನ್ ಶುರುವಾಗುವ ಸದ್ದು ಮಾತ್ರ.]

ದೋಣಿಯ ಮುಂಭಾಗಕ್ಕೆ ಏನೆನ್ನುತ್ತಾರೆ? ಹಿಂಭಾಗಕ್ಕೆ? ಬಲಕ್ಕೆ? ಎಡಕ್ಕೆ? ಟೀಚರ್ ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ, ವಿದ್ಯಾರ್ಥಿ ಅರಳು ಹುರಿದಂತೆ ಉತ್ತರ ಹೇಳುತ್ತಾ ಹೋಗುತ್ತಾನೆ. ಒಂದೂ ತಪ್ಪಿಲ್ಲ. ಆದರೂ ಟೀಚರ್ ಮುಖದಲ್ಲಿ ಕಳೆಯಿಲ್ಲ. ಇನ್ನೊಂದು ಘಳಿಗೆಯಲ್ಲಿ ಅವನು ಸ್ಟಿಯರಿಂಗ್ ಹಿಡಿಯುತ್ತಾನೆ, ಅವನ ಪಕ್ಕದ ಸೀಟಿನಲ್ಲಿ ಅವರೇ ಕುಳಿತಿರಬೇಕು.

[ಶೀರ್ಷಿಕೆ ತೆರೆಯ ಮೇಲೆ.]

ನಮಸ್ಕಾರ. ‘ಸ್ಪಾಂಜ್‌ಬಾಬ್ ಸ್ಕ್ವೇರ್‌ಪ್ಯಾಂಟ್ಸ್’ ಬಗ್ಗೆ ಮಾತನಾಡುವವರೆಲ್ಲ ಆ ಹಳದಿ ಸ್ಪಾಂಜಿನ ಬಗ್ಗೆ, ಅವನ ಗೆಳೆಯ ಪ್ಯಾಟ್ರಿಕ್ ಬಗ್ಗೆ ಮಾತನಾಡುತ್ತಾರೆ. ಇವತ್ತು ನಾನು ಅವನ ಟೀಚರ್ ಮಿಸೆಸ್ ಪಫ್ ಬಗ್ಗೆ ಹೇಳುತ್ತೇನೆ. ಕೆಲವೇ ಕಂತುಗಳಲ್ಲಿ ಮುಂದೆ ಬರುವ ಪಾತ್ರ. ಆದರೆ ಮಕ್ಕಳ ಕಾರ್ಟೂನ್‌ಗಳಲ್ಲಿ ನಾನು ಕಂಡ ಟೀಚರ್‌ಗಳ ಪೈಕಿ ಇಷ್ಟು ನಿಜವಾದವರು ಬೇರೆ ಯಾರೂ ಇಲ್ಲ.

ಅಮೆರಿಕದ ನಿಕಲೋಡಿಯನ್ ಚಾನೆಲ್‌ನಲ್ಲಿ 1999ರ ಮೇ 1ರಂದು ಶುರುವಾದ ಸರಣಿ ಇದು. ಕಥೆ ನಡೆಯುವುದು ಕಡಲ ತಳದ ಬಿಕಿನಿ ಬಾಟಮ್ ಎಂಬ ಊರಿನಲ್ಲಿ. ಅಲ್ಲಿ ಕಾರುಗಳ ಬದಲು ಚಕ್ರ ಕಟ್ಟಿದ ದೋಣಿಗಳು ರಸ್ತೆಯ ಮೇಲೆ ಓಡಾಡುತ್ತವೆ. ಹಾಗಾಗಿ ನಮ್ಮ ಡ್ರೈವಿಂಗ್ ಸ್ಕೂಲ್ ಅಲ್ಲಿ ಬೋಟಿಂಗ್ ಸ್ಕೂಲ್. ನಾವಿಕರ ಉಡುಪು ತೊಟ್ಟ ಮಿಸೆಸ್ ಪಫ್ ಆ ಶಾಲೆಯನ್ನು ನಡೆಸುತ್ತಾರೆ. ಸ್ಪಾಂಜ್‌ಬಾಬ್ ಅಲ್ಲಿ ಲೆಕ್ಕವಿಲ್ಲದಷ್ಟು ಬಾರಿ ಫೇಲ್ ಆಗಿದ್ದಾನೆ.

ದಡ್ಡನಾಗಿ ಫೇಲ್ ಆದವನಲ್ಲ ಅವನು, ಇದನ್ನು ಗಮನಿಸಿ. ಪಾಠವೆಲ್ಲ ಅವನಿಗೆ ಬಾಯಿಪಾಠ. ನಮ್ಮಲ್ಲಿ ‘ಪುಸ್ತಕದ ಬದನೆಕಾಯಿ’ ಎನ್ನುತ್ತೇವಲ್ಲ, ಥೇಟ್ ಅದೇ. ಸೀಟಿನಲ್ಲಿ ಕುಳಿತ ಕೂಡಲೇ ಕೈಕಾಲು ನಡುಗುತ್ತವೆ, ಕಾಲು ಆಕ್ಸಿಲರೇಟರ್ ಮೇಲೆ ಬೀಳುತ್ತದೆ, ದೋಣಿ ಎಲ್ಲೋ ಹೋಗಿ ಗುದ್ದುತ್ತದೆ. ‘ಓ ಸ್ಪಾಂಜ್‌ಬಾಬ್, ಯಾಕೆ?’ ಎಂಬ ಗೋಳು ಕೇಳಿಸುತ್ತದೆ. ಆ ದನಿ ನಟಿ ಮೇರಿ ಜೋ ಕ್ಯಾಟ್ಲೆಟ್ ಅವರದು. ಅದರಲ್ಲಿ ಕೋಪಕ್ಕಿಂತ ದಣಿವು ಹೆಚ್ಚು.

[ವಾಕಿ–ಟಾಕಿಯ ಚಿತ್ರ.]

ಮೊದಲ ವರ್ಷದ ‘ಬೋಟಿಂಗ್ ಸ್ಕೂಲ್’ ಕಂತಿನಲ್ಲಿ ಪ್ಯಾಟ್ರಿಕ್ ಒಂದು ಉಪಾಯ ಹೂಡುತ್ತಾನೆ. ಸ್ಪಾಂಜ್‌ಬಾಬ್‌ನ ತಲೆಯಲ್ಲಿ ವಾಕಿ–ಟಾಕಿ ಅಡಗಿಸಿಟ್ಟು, ಹೀಗೆ ಮಾಡು, ಹಾಗೆ ತಿರುಗಿಸು ಎಂದು ದೂರದಿಂದ ಹೇಳಿಕೊಡುತ್ತಾನೆ. ದೋಣಿ ನೀರು ಕುಡಿದಷ್ಟು ಸಲೀಸಾಗಿ ಓಡುತ್ತದೆ! ಮಿಸೆಸ್ ಪಫ್‌ಗೆ ತಮ್ಮ ಕಣ್ಣನ್ನೇ ನಂಬಲಾಗುವುದಿಲ್ಲ. ಆದರೆ ತಾನು ಮಾಡುತ್ತಿರುವುದು ಕಾಪಿ ಹೊಡೆಯುವ ಕೆಲಸ ಎಂದು ನಡುವೆ ಅವನಿಗೆ ಹೊಳೆಯುತ್ತದೆ. ಮನಸ್ಸು ಚುಚ್ಚುತ್ತದೆ, ಗಾಬರಿ ಮರಳುತ್ತದೆ, ಎಲ್ಲವೂ ಕೈತಪ್ಪುತ್ತದೆ.

2006ರ ಇನ್ನೊಂದು ಕಂತಿನಲ್ಲಿ ಮಿಸೆಸ್ ಪಫ್ ಕೆಲಸ ಕಳೆದುಕೊಳ್ಳುತ್ತಾರೆ. ಹೊಸದಾಗಿ ಬಂದ ಕಟ್ಟುನಿಟ್ಟಿನ ಮೇಷ್ಟ್ರು ಸ್ಪಾಂಜ್‌ಬಾಬ್‌ನ ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸುವುದನ್ನು ಕಲಿಸುತ್ತಾರೆ. ಬಟ್ಟೆ ಕಟ್ಟಿದರೆ ಸರಿಯಾಗಿ ಓಡಿಸುತ್ತಾನೆ, ಬಿಚ್ಚಿದರೆ ಮತ್ತೆ ಮೊದಲಿನಂತೆಯೇ.

ಈ ಎರಡು ಕಂತುಗಳನ್ನು ಒಟ್ಟಿಗೆ ಇಟ್ಟು ನೋಡಿ. ಅವನ ಕೈಗೆ ವಿದ್ಯೆ ಬಂದಿದೆ. ಕಿವಿಯಲ್ಲಿ ಒಂದು ಸಮಾಧಾನದ ದನಿ ಇದ್ದರೆ ಸಾಕು. ಆ ದನಿ ಟೀಚರ್‌ನಿಂದ ಬರಬೇಕಿತ್ತು. ಅವರಿಂದ ಅದು ಯಾಕೆ ಬರುವುದಿಲ್ಲ?

[ಉಬ್ಬಿದ ಪಫರ್ ಮೀನಿನ ನಿಜವಾದ ಚಿತ್ರ.]

ಮಿಸೆಸ್ ಪಫ್ ಒಂದು ಪಫರ್ ಮೀನು. ಈ ಮೀನು ಈಜುವುದರಲ್ಲಿ ನಿಧಾನ, ಶತ್ರು ಬಂದರೆ ಓಡಿ ತಪ್ಪಿಸಿಕೊಳ್ಳಲಾಗದು. ಅದಕ್ಕೇ ಗುಟುಕು ಗುಟುಕಾಗಿ ನೀರು ನುಂಗಿ, ಹೊಟ್ಟೆ ಹಿಗ್ಗಿಸಿ ಚೆಂಡಿನಂತಾಗುತ್ತದೆ. ಪಕ್ಕೆಲುಬುಗಳಿಲ್ಲದ ಕಾರಣ ಅದಕ್ಕೆ ಹೀಗೆ ಉಬ್ಬಲು ಸಾಧ್ಯ. ಹಾಗೆ ಒಮ್ಮೆ ಉಬ್ಬಿದ ದಣಿವು ಆರಲು ಗಂಟೆಗಟ್ಟಲೆ ಬೇಕು. ಕಾರ್ಟೂನಿನಲ್ಲಿ ದೋಣಿ ಗುದ್ದಿದಾಗಲೆಲ್ಲ ಮಿಸೆಸ್ ಪಫ್ ಏರ್‌ಬ್ಯಾಗ್‌ನಂತೆ ಉಬ್ಬುತ್ತಾರೆ. ಮಕ್ಕಳು ನಗುತ್ತಾರೆ, ನಗಲಿ. ಆದರೆ ಅದು ಹೆದರಿದ ಪ್ರಾಣಿಯ ಮೈ. ಅಷ್ಟು ಬಾರಿ ಉಬ್ಬಿದವರ ದನಿಯಲ್ಲಿ ಸಮಾಧಾನ ಎಲ್ಲಿಂದ ಬರಬೇಕು?

ಈ ಸರಣಿಯನ್ನು ಸೃಷ್ಟಿಸಿದ ಸ್ಟೀಫನ್ ಹಿಲೆನ್‌ಬರ್ಗ್ ಸ್ವತಃ ಮೇಷ್ಟ್ರಾಗಿದ್ದವರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಡೇನಾ ಪಾಯಿಂಟ್‌ನ ಕಡಲ ಅಧ್ಯಯನ ಸಂಸ್ಥೆಯಲ್ಲಿ ಸಮುದ್ರ ಜೀವಿಗಳ ಬಗ್ಗೆ ಪಾಠ ಹೇಳುತ್ತಿದ್ದರು, ಅದಕ್ಕೆಂದೇ ಒಂದು ಚಿತ್ರಪುಸ್ತಕವನ್ನೂ ಬರೆದಿದ್ದರು. ಅನಿಮೇಷನ್ ಕಲಿಯಲು ಹೋದದ್ದು ಆಮೇಲೆ. ಹೆದರಿದಾಗ ಮೈ ಉಬ್ಬುವ ಮೀನನ್ನೇ ಟೀಚರ್ ಮಾಡಬೇಕು ಎಂಬ ಆಲೋಚನೆ ತರಗತಿಯಲ್ಲಿ ನಿಂತವರಿಗೇ ಬರುವಂಥದ್ದು ಎಂದು ನನಗೆ ಅನ್ನಿಸುತ್ತದೆ.

ನಾನು ಕೆಲವು ಕಾಲ ಮನೆಪಾಠ ಹೇಳುತ್ತಿದ್ದೆ. ಒಬ್ಬ ಹುಡುಗ ಹದಿನೇಳರ ಮಗ್ಗಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ, ಲೆಕ್ಕ ಕೊಟ್ಟರೆ ತಪ್ಪುತ್ತಿದ್ದ. ನಾನು ಪಕ್ಕದಲ್ಲಿ ಕುಳಿತು, ಈಗ ತಪ್ಪುತ್ತಾನೆ, ಈಗ ತಪ್ಪುತ್ತಾನೆ ಎಂದು ಅವನ ಪೆನ್ಸಿಲ್ಲನ್ನೇ ನೋಡುತ್ತಿದ್ದೆ. ಒಂದು ದಿನ ಫೋನ್ ಬಂತೆಂದು ಎದ್ದು ಹೊರಗೆ ಹೋದೆ. ಮರಳಿ ಬಂದು ನೋಡಿದರೆ ನಾಲ್ಕಕ್ಕೆ ನಾಲ್ಕೂ ಸರಿ! ಅವನ ನಡುಕದಲ್ಲಿ ನನ್ನದೂ ಪಾಲಿತ್ತು ಎಂದು ಅವತ್ತು ತಿಳಿಯಿತು. ಅಂದಿನಿಂದ ಮಿಸೆಸ್ ಪಫ್ ಅವರನ್ನು ನೋಡುವಾಗ ನನಗೆ ಸುಮ್ಮನೆ ನಕ್ಕುಬಿಡಲಾಗುವುದಿಲ್ಲ.

[ರಾತ್ರಿಯ ರಸ್ತೆ. ಒಂಟಿ ದೋಣಿ.]

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಕಂತು 2001ರ ‘ನೋ ಫ್ರೀ ರೈಡ್ಸ್’. ವರ್ಷದ ಕೊನೆಯ ಪರೀಕ್ಷೆಯಲ್ಲೂ ಸ್ಪಾಂಜ್‌ಬಾಬ್ ಫೇಲ್. ಮುಂದಿನ ವರ್ಷವೂ ಇವನೇ ಎದುರಿಗೆ ಕುಳಿತಿರುತ್ತಾನೆ ಎಂದು ನೆನೆದು ಮಿಸೆಸ್ ಪಫ್ ಸೋತುಹೋಗುತ್ತಾರೆ. ಈ ಶಾಲೆಯಲ್ಲಿ ಏನು ಕಲಿತೆ ಎಂದು ಹತ್ತು ಪದಗಳಲ್ಲಿ ಬರೆ, ಹೆಚ್ಚುವರಿ ಅಂಕ ಕೊಡುತ್ತೇನೆ ಎನ್ನುತ್ತಾರೆ. ಅಷ್ಟಕ್ಕೂ ಅವನು ಒದ್ದಾಡುತ್ತಾನೆ. ಹೇಗೋ ಪಾಸು ಮಾಡಿ, ಲೈಸೆನ್ಸ್ ಕೈಗಿಟ್ಟು ಕಳಿಸಿಬಿಡುತ್ತಾರೆ.

ದಾಟಿಸಿಬಿಟ್ಟರೆ ಸಾಕು ಎಂಬ ಈ ದಣಿವು ಎಷ್ಟೋ ಶಿಕ್ಷಕರಿಗೆ ಗೊತ್ತು. ಆದರೆ ಮಿಸೆಸ್ ಪಫ್ ಅಲ್ಲಿಗೆ ಬಿಡುವುದಿಲ್ಲ. ಅವನು ಬೀದಿಗಿಳಿದರೆ ಏನಾದೀತು ಎಂಬ ಚಿಂತೆ ಅವರನ್ನು ಹಿಂಡುತ್ತದೆ. ತಂದೆತಾಯಿ ಅವನಿಗೆ ಹೊಸ ದೋಣಿ ಬೇರೆ ಕೊಡಿಸಿದ್ದಾರೆ. ರಾತ್ರಿ ವೇಷ ಮರೆಸಿಕೊಂಡು ಹೋಗಿ ಆ ದೋಣಿಯನ್ನೇ ಕದಿಯಲು ಹೊರಡುತ್ತಾರೆ, ಪೊಲೀಸರ ಕೈಗೆ ಸಿಕ್ಕಿಬೀಳುತ್ತಾರೆ. ತಾನು ಹಾಕಿದ ಒಂದು ಸುಳ್ಳು ಅಂಕವನ್ನು ಅಳಿಸಲು ಕಳ್ಳತನಕ್ಕೆ ಇಳಿದ ಟೀಚರ್! ಅವರು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಕೊಟ್ಟ ಅಂಕಕ್ಕೆ ತಾನೇ ಹೊಣೆ ಎಂದು ಇಷ್ಟು ತೀವ್ರವಾಗಿ ನಂಬಿದ ಪಾತ್ರವನ್ನು ನಾನು ಬೇರೆ ಕಂಡಿಲ್ಲ. ಮರುವರ್ಷದ ಇನ್ನೊಂದು ಕಂತಿನಲ್ಲಿ ಅವರಿಗೆ ಜೈಲೇ ಹಿತವೆನಿಸುತ್ತದೆ, ಅಲ್ಲಿ ಸ್ಪಾಂಜ್‌ಬಾಬ್ ಇಲ್ಲವಲ್ಲ.

[ಕೆಂಪು ಸಿಗ್ನಲ್.]

ಹೊರಡುವ ಮುನ್ನ ಒಂದು ಚಿಕ್ಕ ಘಟನೆ. ಸಿಗ್ನಲ್‌ನಲ್ಲಿ ಏನು ಮಾಡಬಾರದು ಎಂದು 800 ಪದಗಳ ಪ್ರಬಂಧ ಬರೆಯಲು ಮಿಸೆಸ್ ಪಫ್ ಒಮ್ಮೆ ಹೇಳುತ್ತಾರೆ. ಸ್ಪಾಂಜ್‌ಬಾಬ್ ರಾತ್ರಿಯಿಡೀ ಅದನ್ನು ಮುಂದೂಡುತ್ತಾ, ಒಂದೇ ಒಂದು ಪದವನ್ನು ಚಿತ್ತಾರ ಬಿಡಿಸಿದಂತೆ ಬರೆದು ಕೂರುತ್ತಾನೆ. ಕೊನೆಗೆ ಬಿದ್ದು ಎದ್ದು ಮುಗಿಸಿ ತರಗತಿಗೆ ಬಂದರೆ, ಪ್ರಬಂಧ ಬೇಡ, ಎಲ್ಲರೂ ಸಿಗ್ನಲ್ ನೋಡಲು ಹೋಗೋಣ ಎನ್ನುತ್ತಾರೆ ಟೀಚರ್. ಅದನ್ನು ಹಾಸ್ಯಕ್ಕೆಂದೇ ಬರೆದಿದ್ದಾರೆ. ನನಗಂತೂ ಅದು ಮಿಸೆಸ್ ಪಫ್ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ.

ಇನ್ನೊಮ್ಮೆ ಈ ಕಂತುಗಳು ಸಿಕ್ಕರೆ, ಪರೀಕ್ಷೆಯ ದೃಶ್ಯದಲ್ಲಿ ಸ್ಟಿಯರಿಂಗ್ ಹಿಡಿದವನನ್ನು ಬಿಟ್ಟು ಪಕ್ಕದ ಸೀಟಿನ ಮುಖವನ್ನು ನೋಡಿ. ನಿಮಗೆ ಏನು ಕಂಡಿತೆಂದು ಕೆಳಗೆ ಬರೆಯಿರಿ.