ಹೆಲ್ಸಿಂಕಿಯಲ್ಲಿ ಮನೆ ಮಾಡಿದ ಎಡ್ಡಿ ಬಾಯ್ಡ್

ನಮಸ್ಕಾರ ಕೇಳುಗರೇ. ಒಬ್ಬ ಉಕ್ಕಿನ ಕಾರ್ಖಾನೆಯಲ್ಲಿ ಐದು ವರ್ಷ ಕತ್ತೆ ಹಾಗೆ ದುಡಿಯುತ್ತಾನೆ. ಶುಕ್ರವಾರ ಬಂತು ಅಂದರೆ ಸೀದಾ ಮನೆಗೆ ಬಂದು ಇಡೀ ಸಂಬಳ ತನ್ನ ಹೆಂಗಸಿನ ಕೈಗಿಡುತ್ತಾನೆ. ಕೊನೆಗೆ ಅವಳೇ ಅವನನ್ನು ಆಚೆ ಹಾಕುತ್ತಾಳೆ. ‘ಫೈವ್ ಲಾಂಗ್ ಇಯರ್ಸ್’ ಹಾಡಿನ ಕಥೆ ಇಷ್ಟೇ. ಬರೆದು ಹಾಡಿದ ಎಡ್ಡಿ ಬಾಯ್ಡ್ ಅಮೆರಿಕದ ಕಪ್ಪು ಜನರ ‘ಬ್ಲೂಸ್’ ಸಂಗೀತದ ಗಾಯಕ, ಪಿಯಾನೋ ವಾದಕ. ಅವರೂ ಶಿಕಾಗೋದ ಉಕ್ಕಿನ ಕಾರ್ಖಾನೆಯಲ್ಲಿ ಬೆವರು ಸುರಿಸಿದವರೇ. ಆ ದಣಿವು ದನಿಯಲ್ಲೇ ಗೊತ್ತಾಗುತ್ತದೆ, ಕೂಗಾಟ ಇಲ್ಲ, ಪಕ್ಕದಲ್ಲಿ ಕೂತು ಕಷ್ಟ ಹೇಳಿಕೊಂಡ ಹಾಗಿದೆ. 1952ರಲ್ಲಿ ಅದು ಅಮೆರಿಕದ ಆರ್ ಆ್ಯಂಡ್ ಬಿ, ಅಂದರೆ ರಿದಮ್ ಆ್ಯಂಡ್ ಬ್ಲೂಸ್ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಬಾಯ್ಡ್ ಹುಟ್ಟಿದ್ದು 1914ರಲ್ಲಿ, ಮಿಸಿಸಿಪಿಯ ಸ್ಟೋವಾಲ್ ಹತ್ತಿ ತೋಟದಲ್ಲಿ. ಹೆಸರಾಂತ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಬೆಳೆದದ್ದೂ ಅಲ್ಲೇ. ಅಲ್ಲಿಂದ ಬಾಯ್ಡ್ ಹೋದದ್ದು ಮೆಂಫಿಸ್ ನಗರಕ್ಕೆ, ಆಮೇಲೆ 1941ರಲ್ಲಿ ಶಿಕಾಗೋಗೆ. ಅಲ್ಲಿ ಚೆಸ್ ಅನ್ನೋ ರೆಕಾರ್ಡ್ ಕಂಪನಿಗೂ ಹಾಡಿದರು, ಇನ್ನೆರಡು ಹಾಡು ಗೆದ್ದವು, ಕಂಪನಿಯ ಜೊತೆ ಮಾತ್ರ ಕೂಡಿಬರಲಿಲ್ಲ.

1965ರಲ್ಲಿ ಬ್ಲೂಸ್ ಗಿಟಾರ್ ವಾದಕ ಬಡ್ಡಿ ಗೈ ಮೊದಲಾದವರ ಜೊತೆ ಯುರೋಪಿಗೆ ಕಛೇರಿ ಪ್ರವಾಸ ಹೋದರು. ಚರ್ಮದ ಬಣ್ಣ ನೋಡಿ ಅಳೆಯುವ ಊರುಗಳಲ್ಲಿ ಐವತ್ತು ವರ್ಷ ಕಳೆದಿದ್ದ ಮನುಷ್ಯ, ಇಲ್ಲಿ ಜನ ಟಿಕೆಟ್ ಕೊಂಡು ಬಂದು ಸುಮ್ನೆ ಕೂತು ಪಿಯಾನೋ ಕೇಳುವುದನ್ನು ನೋಡಿದರೆ ವಾಪಸ್ ಹೋಗೋಕೆ ಮನಸ್ಸಾದರೂ ಹೇಗೆ ಬರುತ್ತೆ, ಅಲ್ವಾ? ಕೆಲಕಾಲ ಬೆಲ್ಜಿಯಂನಲ್ಲಿದ್ದರು. 1968ರಲ್ಲಿ ಗಿಟಾರ್ ವಾದಕ ಪೀಟರ್ ಗ್ರೀನ್ ಮತ್ತು ಅವರ ಫ್ಲೀಟ್‌ವುಡ್ ಮ್ಯಾಕ್ ತಂಡದ ಹುಡುಗರು ಬಾಯ್ಡ್ ಅವರಿಗೆ ಸಾಥ್ ಕೊಟ್ಟು ನುಡಿಸಿದ ಒಂದು ಆಲ್ಬಂ ಬಂತು. ಹೆಸರು ‘7936 ಸೌತ್ ರೋಡ್ಸ್’. ನುಡಿಸಿದವರು ಇಂಗ್ಲೆಂಡಿನವರು, ರೆಕಾರ್ಡಿನ ಮೇಲೆ ಶಿಕಾಗೋದ ಮನೆ ನಂಬರು! ಊರು ಬಿಟ್ಟರೂ ವಿಳಾಸ ಬಾಯಿಗೆ ಬಂದೇ ಬರುತ್ತೆ ನೋಡಿ.

1970ರ ಸುಮಾರಿಗೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ಸೇರಿದರು. ಡಿಸೆಂಬರಿನಲ್ಲಿ ದಿನಕ್ಕೆ ಆರು ಗಂಟೆಯೂ ಬೆಳಕಿರದ ಊರು ಅದು. ಹತ್ತಿ ಹೊಲದ ಬಿಸಿಲಲ್ಲಿ ಬೆಳೆದವರು ಆ ಹಿಮದಲ್ಲಿ ಹೇಗಿದ್ದರೋ ಅಂತ ನಮಗೆ ಅನ್ನಿಸುತ್ತೆ. ಅವರು ‘ಪ್ರೇಸ್ ಟು ಹೆಲ್ಸಿಂಕಿ’ ಅಂತ ಆ ಊರನ್ನು ಹೊಗಳಿ ಆಲ್ಬಂಗೆ ಹೆಸರಿಟ್ಟರು! ಅಲ್ಲೇ ಮದುವೆಯಾದರು, ಕೊನೆಯ ತನಕ ಅಲ್ಲೇ ಇದ್ದರು.

1994ರ ಜುಲೈನಲ್ಲಿ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅವರ ಬ್ಲೂಸ್ ಆಲ್ಬಂ ಬಂದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಕಾರ್ಖಾನೆ, ಐದು ವರ್ಷ, ಶುಕ್ರವಾರದ ಸಂಬಳ, ಬಾಯ್ಡ್ ಅವರ ಆ ಹಾಡೂ ಅದರಲ್ಲಿತ್ತು.