ರಾತ್ರಿ ಉಳಿದ ಅನ್ನ, ಬೆಳಗಿನ ಚಿತ್ರಾನ್ನ: ಒಗ್ಗರಣೆಗೂ ಜಗ್ಗದ ವಿಷ

[ದೃಶ್ಯ: ಅಡುಗೆ ಕಟ್ಟೆ. ಪಕ್ಕಪಕ್ಕದಲ್ಲಿ ಎರಡು ಪಾತ್ರೆ. ಒಂದರಲ್ಲಿ ದೋಸೆ ಹಿಟ್ಟು, ಇನ್ನೊಂದರಲ್ಲಿ ಅನ್ನ. ಗೋಡೆ ಗಡಿಯಾರದಲ್ಲಿ ರಾತ್ರಿ 9 ಗಂಟೆ.]

ನಮಸ್ಕಾರ. ಈ ಎರಡು ಪಾತ್ರೆ ನೋಡಿ. ಎರಡರಲ್ಲೂ ಅಕ್ಕಿ ಇದೆ. ಒಂದರಲ್ಲಿ ನೆನೆಸಿ ರುಬ್ಬಿದ್ದು, ಇನ್ನೊಂದರಲ್ಲಿ ಬೇಯಿಸಿದ್ದು. ಎಷ್ಟೋ ಮನೆಗಳಲ್ಲಿ ಎರಡನ್ನೂ ಮುಚ್ಚಿ, ಕಟ್ಟೆ ಮೇಲೇ ಬಿಟ್ಟು ಮಲಗ್ತಾರೆ. ಬೆಳಿಗ್ಗೆ ಹಿಟ್ಟು ಉಬ್ಬಿರುತ್ತೆ, ದೋಸೆ ಹುಯ್ತಾರೆ. ಅನ್ನ ಉದುರುದುರಾಗಿರುತ್ತೆ, ಚಿತ್ರಾನ್ನ ಕಲಸ್ತಾರೆ.

ಇವೆರಡರಲ್ಲಿ ಹೊಟ್ಟೆ ಕೆಡಿಸೋ ಸಾಧ್ಯತೆ ಜಾಸ್ತಿ ಇರೋದು ಯಾವುದಕ್ಕೆ? ಚೆನ್ನಾಗಿ ಬೆಂದಿರೋ ಅನ್ನಕ್ಕೆ. ಹಸಿ ಹಿಟ್ಟಿಗಿಂತ ಬೆಂದ ಅನ್ನ ಯಾಕೆ ಅಪಾಯ ಅನ್ನೋದು ಗೊತ್ತಾದ್ರೆ, ಅಡುಗೆಮನೆ ಶುಚಿತ್ವದ ಅರ್ಧ ಪಾಠ ಗೊತ್ತಾದ ಹಾಗೆ.

[ದೃಶ್ಯ: ಬಿಳಿ ಹಲಗೆ ಮೇಲೆ ಅಕ್ಕಿ ಕಾಳಿನ ಚಿತ್ರ, ಅದರ ಮೈಮೇಲೆ ಸಣ್ಣ ಚುಕ್ಕೆಗಳು.]

ಮಣ್ಣಲ್ಲಿ ಬಾಸಿಲಸ್ ಸೀರಿಯಸ್ ಅನ್ನೋ ಒಂದು ಬ್ಯಾಕ್ಟೀರಿಯಾ ಇರುತ್ತೆ. ಗದ್ದೆಯಿಂದ ಬತ್ತಕ್ಕೆ, ಬತ್ತದಿಂದ ಅಕ್ಕಿಗೆ ಬರುತ್ತೆ. ಇದಕ್ಕೊಂದು ವಿದ್ಯೆ ಗೊತ್ತು. ಪರಿಸ್ಥಿತಿ ಸರಿಯಿಲ್ಲ ಅಂದ್ರೆ ಗಟ್ಟಿ ಕವಚದ ಬೀಜಾಣು ಆಗಿ ಮುದುಡಿಕೊಂಡು ಕೂತ್ಬಿಡುತ್ತೆ. ಅಕ್ಕಿ ಎಷ್ಟು ಸಲ ತೊಳೆದರೂ ಇದು ಪೂರ್ತಿ ಹೋಗಲ್ಲ. 100 ಡಿಗ್ರಿ ಕುದಿಯೋ ನೀರಿನಲ್ಲೂ ಬದುಕುಳಿಯುತ್ತೆ. ಕುಕ್ಕರ್‌ನಲ್ಲಿ ಒತ್ತಡ ಇರೋದರಿಂದ ಸಂಖ್ಯೆ ತುಂಬಾ ಕಮ್ಮಿ ಆಗುತ್ತೆ, ನಿಜ. ಆದರೆ ಒಂದೂ ಉಳಿದಿಲ್ಲ ಅಂತ ಭರವಸೆ ಇಟ್ಟುಕೊಳ್ಳೋ ಹಾಗಿಲ್ಲ. ಮುಚ್ಚಳ ತೆಗೆದ ಮೇಲೆ ಸೌಟಿನಿಂದಲೋ ತಟ್ಟೆಯಿಂದಲೋ ಮತ್ತೆ ಬರಬಹುದು.

ಈಗ ಯೋಚನೆ ಮಾಡಿ. ಅನ್ನ ಬೇಯಿಸಿದಾಗ ಬೇರೆ ಹೆಚ್ಚುಕಮ್ಮಿ ಎಲ್ಲ ಸೂಕ್ಷ್ಮಜೀವಿಗಳೂ ಸತ್ತುಹೋದವು. ಉಳಿದಿದ್ದು ಇಂಥ ಬೀಜಾಣುಗಳು ಮಾತ್ರ. ಕಳೆ ಕಿತ್ತು, ಗೊಬ್ಬರ ಹಾಕಿ, ನೀರು ಕಟ್ಟಿ ಬಿಟ್ಟ ಖಾಲಿ ಹೊಲ ಇದ್ದ ಹಾಗೆ ಈ ಅನ್ನದ ಪಾತ್ರೆ. ಯಾರು ಮೊದಲು ಮೊಳಕೆ ಒಡೀತಾರೋ ಹೊಲ ಅವರದು. ಅನ್ನ ಆರ್ತಾ ಆರ್ತಾ ಬೆಚ್ಚಗಾದಾಗ ಬೀಜಾಣು ಕಣ್ಣು ಬಿಡುತ್ತೆ. ಹದವಾದ ಬೆಚ್ಚಗೆ ಸಿಕ್ಕರೆ ಹೆಚ್ಚುಕಮ್ಮಿ ಅರ್ಧ ಗಂಟೆಗೆ ಒಂದು ಸಲ ದುಪ್ಪಟ್ಟಾಗುತ್ತೆ. ರಾತ್ರಿ 9ರಿಂದ ಬೆಳಿಗ್ಗೆ 7, ಅಂದರೆ 10 ಗಂಟೆ, 20 ಸಲ ದುಪ್ಪಟ್ಟು. ಲೆಕ್ಕ ಹಾಕಿ ನೋಡಿ, ಒಂದು ಇದ್ದದ್ದು ಹತ್ತು ಲಕ್ಷ ದಾಟುತ್ತೆ.

[ದೃಶ್ಯ: ಬಾಣಲೆಯಲ್ಲಿ ಸಾಸಿವೆ ಸಿಡಿಯುತ್ತಿದೆ. ಕಡಲೆಬೇಳೆ, ಕರಿಬೇವು, ಅರಿಶಿನ.]

"ಇರಲಿ ಬಿಡಿ, ಬೆಳಿಗ್ಗೆ ಒಗ್ಗರಣೆಗೆ ಹಾಕಿ ಬಿಸಿ ಮಾಡ್ತೀವಲ್ಲ, ಎಲ್ಲ ಸಾಯುತ್ತೆ" ಅಂತೀರಿ. ಈ ವಿಡಿಯೋ ಮಾಡಬೇಕು ಅನ್ನಿಸಿದ್ದೇ ಈ ಮಾತಿಗಾಗಿ. ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತೆ. ಆದರೆ ಅದು ರಾತ್ರಿಯೆಲ್ಲ ಬೆಳೆಯುವಾಗ ಅನ್ನದೊಳಗೆ ಬಿಟ್ಟ ವಿಷ ಹೋಗಲ್ಲ. ಸೆರುಲೈಡ್ ಅಂತ ಅದರ ಹೆಸರು. ಪ್ರಯೋಗಶಾಲೆಯಲ್ಲಿ 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಹಾಗೇ ಉಳಿದಿದೆ. ನಮ್ಮ ಕುಕ್ಕರ್ ಒಳಗಿನ ಶಾಖ ಸುಮಾರು 120 ಡಿಗ್ರಿ. ಬಾಣಲೆಯಲ್ಲಿ ಐದು ನಿಮಿಷ ಕೈಯಾಡಿಸಿದರೆ ಅದಕ್ಕೆ ಏನೂ ಆಗಲ್ಲ. ನಿಂಬೆರಸ ಹಿಂಡಿದರೂ ಅಷ್ಟೇ. ಬಣ್ಣ ಬದಲಾಗಲ್ಲ, ವಾಸನೆ ಬರಲೇಬೇಕು ಅಂತಿಲ್ಲ. ಮೂಗು ನಂಬಿ ಪ್ರಯೋಜನ ಇಲ್ಲ.

ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತೆ. ಬಹಳ ಜನ ಒಂದೇ ದಿನದಲ್ಲಿ ಸರಿಹೋಗ್ತಾರೆ. ಹಾಗಾಗಿ "ಪಿತ್ತ ಆಗಿತ್ತು" ಅಂದುಕೊಂಡು ಮರೆತುಬಿಡ್ತಾರೆ, ಅನ್ನದ ಮೇಲೆ ಯಾರಿಗೂ ಅನುಮಾನ ಬರಲ್ಲ.

ಇದು ಬೆಳಕಿಗೆ ಬಂದ ಕಥೆಯೂ ನಮ್ಮ ಚಿತ್ರಾನ್ನಕ್ಕೆ ಹತ್ತಿರದ್ದೇ. 1971ರಲ್ಲಿ ಬ್ರಿಟನ್‌ನಲ್ಲಿ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ವಾಂತಿ ಕಾಣಿಸಿಕೊಂಡಾಗ ಈ ಕಾಯಿಲೆಯನ್ನ ಗುರುತಿಸಿದರು. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ ಹೊರಗೇ ಇಡ್ತಿದ್ದರು. ಫ್ರಿಜ್‌ನಲ್ಲಿ ಇಟ್ಟರೆ ಅಗುಳು ಅಂಟಿಕೊಂಡು ಮುದ್ದೆಯಾಗುತ್ತೆ ಅನ್ನೋದು ಅವರ ಯೋಚನೆ. ಅನ್ನ ಉದುರಾಗಿರಬೇಕು ಅನ್ನೋ ಆಸೆ ನಮಗೂ ಇದೆ ತಾನೇ?

[ದೃಶ್ಯ: ಉಬ್ಬಿದ ದೋಸೆ ಹಿಟ್ಟು, ಗುಳ್ಳೆಗಳು ಹತ್ತಿರದಿಂದ.]

ಹಾಗಾದರೆ ದೋಸೆ ಹಿಟ್ಟಿಗೆ ಯಾಕೆ ಹೀಗೆ ಆಗಲ್ಲ? ಅದನ್ನ ಬೇಯಿಸಿಲ್ಲ, ಅದಕ್ಕೇ. ಉದ್ದಿನಬೇಳೆ, ಅಕ್ಕಿಯ ಮೇಲಿದ್ದ ಲ್ಯಾಕ್ಟಿಕ್ ಆಮ್ಲ ಮಾಡೋ ಬ್ಯಾಕ್ಟೀರಿಯಾಗಳು ಜೀವಂತ ಇವೆ, ಲಕ್ಷಗಟ್ಟಲೆ ಇವೆ. ರುಬ್ಬಿದ ಕ್ಷಣದಿಂದ ಅವು ಕೆಲಸ ಶುರು ಮಾಡ್ತವೆ. ಹಿಟ್ಟು ಹುಳಿ ಆಗ್ತಾ ಹೋದ ಹಾಗೆ ಬೇರೆಯವರಿಗೆ ಅಲ್ಲಿ ಜಾಗ ಇರಲ್ಲ. ತಂಗಳನ್ನಕ್ಕೆ ನೀರು ಹಾಕಿಡೋದು, ರಾತ್ರಿಯೇ ಮೊಸರು ಕಲಸಿಡೋದು, ಇವೆಲ್ಲ ಫ್ರಿಜ್ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಇದೇ ಹುಳಿಯನ್ನ ಬಳಸಿಕೊಂಡ ದಾರಿಗಳು. ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ. ಆದರೂ ಒಂದು ಮಾತು ಹೇಳಲೇಬೇಕು. ನೀರು ಹಾಕಿದ ಅನ್ನ ಹುಳಿ ಬರೋಕೆ ಕೆಲವು ಗಂಟೆ ಬೇಕು. ಆ ಹೊತ್ತಿನಲ್ಲಿ ಒಳ್ಳೆಯವು ಮುಂದೆ ಹೋಗ್ತವೋ ಕೆಟ್ಟವು ಮುಂದೆ ಹೋಗ್ತವೋ ಅನ್ನೋದು ಪ್ರತಿ ರಾತ್ರಿ ಒಂದೇ ಥರ ಇರಲ್ಲ. ಫ್ರಿಜ್ ಇದ್ದವರು ಫ್ರಿಜ್ಜನ್ನೇ ಬಳಸಿ. ಚಿಕ್ಕ ಮಕ್ಕಳು, ವಯಸ್ಸಾದವರು, ಬಸುರಿಯರು ಇರೋ ಮನೇಲಂತೂ ಪರೀಕ್ಷೆ ಮಾಡೋಕೆ ಹೋಗಬೇಡಿ.

[ದೃಶ್ಯ: ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಅನ್ನ ಹರಡುತ್ತಿರುವ ಕೈ.]

ಮತ್ತೆ ಚಿತ್ರಾನ್ನ ಬಿಟ್ಟುಬಿಡಬೇಕಾ? ಖಂಡಿತ ಬೇಡ. ರಾತ್ರಿ ಊಟ ಮುಗಿದ ತಕ್ಷಣ ಉಳಿದ ಅನ್ನವನ್ನ ಕುಕ್ಕರ್‌ನಿಂದ ತೆಗೀರಿ. ಕುಕ್ಕರ್ ಒಳಗೆ ಮುಚ್ಚಿಟ್ಟ ಅನ್ನ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ, ಬ್ಯಾಕ್ಟೀರಿಯಾಗೆ ಬೇಕಾಗಿರೋದೂ ಅದೇ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಆರಿಸಿ, ಮುಚ್ಚಳ ಇರೋ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಡಿ. ಒಲೆಯಿಂದ ಇಳಿಸಿ ಒಂದು ಗಂಟೆಯೊಳಗೆ ಆದರೆ ಒಳ್ಳೇದು. ವಿಶ್ವ ಆರೋಗ್ಯ ಸಂಸ್ಥೆ ಬೇಯಿಸಿದ ಯಾವ ಆಹಾರವನ್ನೂ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ ಅನ್ನುತ್ತೆ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಶಾಖ ರೋಗಾಣುಗಳಿಗೆ ಹಬ್ಬ. ರಾಯಚೂರಿನ ಬೇಸಿಗೆ ಇರಲಿ, ಮಡಿಕೇರಿಯ ಮಳೆಗಾಲ ಇರಲಿ, ನಮ್ಮ ಅಡುಗೆಮನೆ ವರ್ಷಪೂರ್ತಿ ಈ ಎರಡರ ನಡುವೆಯೇ ಇರುತ್ತೆ.

ಬೆಳಿಗ್ಗೆ ಫ್ರಿಜ್‌ನಿಂದ ತೆಗೆದ ಅನ್ನ ಗಟ್ಟಿಯಾಗಿರುತ್ತೆ. ಕೈ ಒದ್ದೆ ಮಾಡಿಕೊಂಡು ಉಂಡೆ ಬಿಡಿಸಿ, ಒಗ್ಗರಣೆಗೆ ಹಾಕಿ, ಹಬೆ ಏಳೋವರೆಗೆ ಬಿಸಿ ಮಾಡಿ. ಅಗುಳು ಅಗುಳಾಗಿ ಬರುತ್ತೆ. ಒಂದು ದಿನದ ಮೇಲೆ ಇಡಬೇಡಿ, ಒಂದು ಸಲ ಬಿಸಿ ಮಾಡಿದ್ದನ್ನ ಮತ್ತೆ ಫ್ರಿಜ್‌ಗೆ ವಾಪಸ್ ಹಾಕಬೇಡಿ.

ಫ್ರಿಜ್ ಇಲ್ಲದ ಮನೆಗಳಿವೆ. ಅವರಿಗೆ ನಾನು ಹೇಳೋದು ರಾತ್ರಿ ಹೊತ್ತು ಅರ್ಧ ಪಾವು ಕಮ್ಮಿ ಅಕ್ಕಿ ಹಾಕಿ, ಬೆಳಿಗ್ಗೆ ಚಿತ್ರಾನ್ನಕ್ಕೆ ಅಂತಲೇ ಅನ್ನ ಮಾಡಿ ಹರಡಿ ಆರಿಸಿ. ಅನ್ನ ಚೆಲ್ಲೋಕೆ ಯಾರಿಗೂ ಮನಸ್ಸು ಬರಲ್ಲ, ನನಗೂ ಬರಲ್ಲ. ಅಳತೆ ಸರಿ ಮಾಡಿಕೊಂಡರೆ ಚೆಲ್ಲೋ ಪ್ರಶ್ನೆಯೇ ಬರಲ್ಲ.

[ದೃಶ್ಯ: ಬೆರಳಿಗೆ ಗಾಯ, ಅದರ ಮೇಲೆ ಅರಿಶಿನ. ಆಮೇಲೆ ಪ್ಲಾಸ್ಟರ್.]

ಬೆಂಕಿಗೆ ಜಗ್ಗದ ವಿಷ ಇದೊಂದೇ ಆಗಿದ್ದರೆ ಇಲ್ಲಿಗೇ ಮುಗಿಸ್ತಿದ್ದೆ. ಇನ್ನೂ ಇವೆ. ಸ್ಟೆಫೈಲೊಕಾಕಸ್ ಆರಿಯಸ್ ಅನ್ನೋದು ನಮ್ಮ ಚರ್ಮದ ಮೇಲೆ, ಮೂಗಿನಲ್ಲಿ ಇರೋ ಬ್ಯಾಕ್ಟೀರಿಯಾ. ಸುಮಾರು ಮೂರರಲ್ಲಿ ಒಬ್ಬರ ಮೂಗಲ್ಲಿ ಇರುತ್ತೆ, ಅವರಿಗೆ ಏನೂ ತೊಂದರೆ ಇರಲ್ಲ. ಕೀವು ತುಂಬಿದ ಗಾಯದಲ್ಲಂತೂ ತುಂಬಿರುತ್ತೆ. ಆ ಕೈಯಲ್ಲಿ ಕೋವಾ ನಾದಿ ಪೇಡ ಕಟ್ಟಿ ಹೊರಗಿಟ್ಟರೆ, ಅಲ್ಲಿ ಬೆಳೆದು ವಿಷ ಬಿಡುತ್ತೆ. ಆಮೇಲೆ ಕಾಯಿಸಿದರೂ ವಿಷ ಉಳಿಯುತ್ತೆ. ಹಾಗಾಗಿ ಅಡುಗೆಗೆ ಮೊದಲು ಸೋಪು ಹಾಕಿ 20 ಸೆಕೆಂಡ್ ಕೈ ಉಜ್ಜಬೇಕು, ಬೆರಳ ಸಂದು, ಉಗುರಿನ ಬುಡ ಎಲ್ಲ. ನಲ್ಲಿ ಕೆಳಗೆ ಹಿಡಿದು ಸೆರಗಿಗೋ ಲುಂಗಿಗೋ ಒರೆಸಿಕೊಂಡರೆ ತೊಳೆದ ಹಾಗೆ ಆಗಲ್ಲ. ಬೆರಳು ಕುಯ್ದುಕೊಂಡಿದ್ದರೆ ಪ್ಲಾಸ್ಟರ್ ಸುತ್ತಿ, ಮೇಲೆ ಗ್ಲೌಸ್ ಹಾಕಿ, ಇಲ್ಲವೇ ಆವತ್ತು ಕಲಸೋ ಕೆಲಸ ಬೇರೆಯವರಿಗೆ ಕೊಡಿ. ವಾಂತಿ-ಭೇದಿ ಇರುವವರು ಅಡುಗೆಗೆ ಇಳಿಯಲೇಬಾರದು. ನಮ್ಮಲ್ಲಿ ಅಮ್ಮನಿಗೆ ಹುಷಾರಿಲ್ಲದಿದ್ದರೂ ಒಲೆ ಮುಂದೆ ಅವರೇ ನಿಲ್ಲಬೇಕು ಅನ್ನೋ ರೂಢಿ ಇದೆಯಲ್ಲ, ಅದು ಅವರಿಗೂ ಅನ್ಯಾಯ, ಮನೆಯವರಿಗೂ ಅಪಾಯ.

[ದೃಶ್ಯ: ಮೀನು ಮಾರುಕಟ್ಟೆ. ಐಸ್ ಮೇಲೆ ಬಂಗುಡೆ.]

ಕರಾವಳಿಯವರಿಗೆ ಇದೊಂದು ವಿಷಯ. ಬಂಗುಡೆ, ಬೂತಾಯಿ ಥರದ ಮೀನನ್ನ ಬಿಸಿಲಲ್ಲಿ ಐಸ್ ಇಲ್ಲದೆ ಬಿಟ್ಟರೆ ಬ್ಯಾಕ್ಟೀರಿಯಾ ಅದರ ಮಾಂಸದಲ್ಲಿ ಹಿಸ್ಟಮಿನ್ ಅನ್ನೋ ವಸ್ತು ಮಾಡ್ತವೆ. ಎಷ್ಟೇ ಹುರಿದರೂ, ಹುಣಸೆಹುಳಿ ಹಾಕಿ ಕುದಿಸಿದರೂ ಹೋಗಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತೆ. ಜನ ಮೀನೇ ಅಲರ್ಜಿ ಅಂದುಕೊಳ್ತಾರೆ. ಮೀನು ಕೊಂಡ ಮೇಲೆ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಊರೆಲ್ಲ ಸುತ್ತಬೇಡಿ. ಮಾರೋರ ಹತ್ತಿರ ಒಂದು ಹಿಡಿ ಐಸ್ ಕೇಳಿ ಹಾಕಿಸಿಕೊಂಡು ನೇರ ಮನೆಗೆ ಬನ್ನಿ.

ಕಡಲೆಕಾಯಿ ಬೀಜ, ಕೊಬ್ಬರಿ, ಮೆಕ್ಕೆಜೋಳ, ಒಣಮೆಣಸಿನಕಾಯಿ. ಇವಕ್ಕೆ ತೇವ ತಾಗಿ ಬೂಸ್ಟು ಹಿಡಿದರೆ ಅಫ್ಲಟಾಕ್ಸಿನ್ ಅನ್ನೋ ವಿಷ ಸೇರಬಹುದು. ಹುರಿದರೆ ಒಂದಷ್ಟು ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಲಿವರ್ ಕೆಟ್ಟು ಸತ್ತರು. ಬಡವರಿಗೆ ಆ ಜೋಳ ಬಿಟ್ಟು ಬೇರೆ ಏನೂ ಇರಲಿಲ್ಲ. ನಮಗೆ ಆರಿಸಿ ತೆಗೆಯೋ ಅವಕಾಶ ಇದೆ. ಚಟ್ನಿಪುಡಿಗೆ ಹುರಿಯೋ ಮೊದಲು ಸುಕ್ಕಾದ, ಕಪ್ಪಾದ, ಹಸಿರು ಬೂಸ್ಟಿನ ಬೀಜ ಎಲ್ಲ ಆರಿಸಿ ಎಸೀರಿ. ಕಹಿ ಅನ್ನಿಸಿದ ಬೀಜ ಉಗುಳಿಬಿಡಿ. ಕೊಬ್ಬರಿಯಲ್ಲಿ ಬೂಸ್ಟು ಕೆರೆದು ಉಳಿದದ್ದು ಬಳಸೋ ಅಭ್ಯಾಸ ಇದೆಯಲ್ಲ, ಅದನ್ನ ಇವತ್ತೇ ಬಿಡಿ.

[ದೃಶ್ಯ: ಸಿಂಕ್, ಕೋಳಿ ಮಾಂಸ, ಸಿಡಿಯೋ ನೀರು. ಪಕ್ಕದಲ್ಲಿ ಹೆಚ್ಚಿದ ಸೌತೆಕಾಯಿ.]

ಇನ್ನು ಕೋಳಿ. ಇಲ್ಲಿ ಬೆಂಕಿ ಕೆಲಸ ಮಾಡುತ್ತೆ. ಚೆನ್ನಾಗಿ ಬೆಂದರೆ ಹಸಿ ಕೋಳಿಯಲ್ಲಿರೋ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಎರಡೂ ಸಾಯ್ತವೆ. ತೊಂದರೆ ಆಗೋದು ಬೇಯೋ ಮೊದಲು. ನಲ್ಲಿ ಜೋರಾಗಿ ಬಿಟ್ಟು ತೊಳೆದರೆ ಹನಿ ಸಿಡಿದು ಕಟ್ಟೆ, ನಿಮ್ಮ ಬಟ್ಟೆ, ಪಕ್ಕದ ಕೋಸಂಬರಿ ಎಲ್ಲದರ ಮೇಲೂ ಬೀಳುತ್ತೆ. ಕೋಸಂಬರಿಯನ್ನ ಬೇಯಿಸಲ್ವಲ್ಲ! ತೊಳೆಯದೇ ಮಾಡಿದರೆ ಉತ್ತಮ. ಮನಸ್ಸು ಒಪ್ಪದಿದ್ದರೆ ಪಾತ್ರೆಯೊಳಗೆ ನಿಧಾನಕ್ಕೆ ತೊಳೆದು, ಸಿಂಕನ್ನ ಸೋಪು ಹಾಕಿ ಉಜ್ಜಿ. ಮಾಂಸಕ್ಕೆ ಬೇರೆ ಹಲಗೆ, ಬೇರೆ ಚಾಕು. ಫ್ರಿಜ್‌ನಲ್ಲಿ ಹಸಿ ಮಾಂಸ ಯಾವಾಗಲೂ ಕೆಳಗಿನ ಶೆಲ್ಫ್‌ನಲ್ಲಿ, ಮುಚ್ಚಿದ ಡಬ್ಬಿಯಲ್ಲಿ.

ಮಸಿಬಟ್ಟೆ ಬಗ್ಗೆ ಎರಡೇ ಮಾತು. ಬಿಸಿ ಪಾತ್ರೆ ಇಳಿಸೋಕೆ, ಕಟ್ಟೆ ಒರೆಸೋಕೆ, ತಟ್ಟೆ ಒರೆಸೋಕೆ, ಕೈ ಒರೆಸೋಕೆ ಒಂದೇ ಬಟ್ಟೆ ಬೇಡ. ದಿನವೂ ಒಗೆದು ಬಿಸಿಲಿಗೆ ಹಾಕಿ, ಪೂರ್ತಿ ಒಣಗಬೇಕು. ಪಾತ್ರೆ ಉಜ್ಜೋ ಸ್ಪಾಂಜ್‌ಗೂ ಇದೇ ಮಾತು.

ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯದೇ ಇದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತೆ. ಅದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದರೆ ಅನ್ನ, ಮಾಂಸ, ಕಾಯಿಚಟ್ನಿ ಇಟ್ಟುಕೊಳ್ಳಬೇಡಿ.

[ದೃಶ್ಯ: ಒಂದು ಲೀಟರ್ ಕುಡಿಯೋ ನೀರು, ಓಆರ್‌ಎಸ್ ಪ್ಯಾಕೆಟ್.]

ಇಷ್ಟೆಲ್ಲ ಮಾಡಿಯೂ ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಶುರುವಾದರೆ ಮೊದಲ ಚಿಂತೆ ನೀರಿನದು. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟನ್ನ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಪ್ಯಾಕೆಟ್ ಮೇಲಿನ ಅಳತೆ ನೋಡಿಕೊಳ್ಳಿ, ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಅನ್ನೋ ಅಂದಾಜು ಬೇಡ. ಚಮಚ ಚಮಚವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮಗು ಮಂಕಾಗಿ ಕಣ್ಣು ಗುಳಿ ಬೀಳೋದು, ಮೂತ್ರ ನಿಂತುಹೋಗೋದು, ಕುಡಿದದ್ದೆಲ್ಲ ಹೊರಗೆ ಬರೋದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ. ಹಿಂದಿನ ದಿನ ಏನೇನು ತಿಂದಿದ್ದರು, ಎಷ್ಟು ಹೊತ್ತಿಗೆ ತಿಂದರು ಅನ್ನೋದನ್ನೂ ಡಾಕ್ಟರಿಗೆ ಹೇಳಿ.