ಜಂಟಿ ಖಾತೆ, ಜೋಡಿ ಕೀ

ವೇದಿಕೆಯಲ್ಲಿರುವ ಹಿರಿಯರಿಗೂ ಶಿವಮೊಗ್ಗದ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ. ಕೋಷ್ಟಕದ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ ಅಥವಾ ಕಾಲಂಗಳೇ ಪ್ರೈಮರಿ ಕೀ ಎಂದು ಈ ಸಭೆಗೆ ವಿವರಿಸಬೇಕಿಲ್ಲವಾದ್ದರಿಂದ ನೇರವಾಗಿ ನನ್ನ ತಕರಾರಿಗೆ ಬರುತ್ತೇನೆ. ಎರಡು ಕೋಷ್ಟಕಗಳನ್ನು ಬೆಸೆಯುವ ಮೂರನೆಯ ಕೋಷ್ಟಕಕ್ಕೆ ಅಭ್ಯಾಸಬಲದಿಂದ ಕ್ರಮಸಂಖ್ಯೆಯ ಒಂದು ಐಡಿ ಕಾಲಂ ಸೇರಿಸಿ, ಅದನ್ನೇ ಪ್ರೈಮರಿ ಕೀ ಎಂದು ಘೋಷಿಸಿ ಕೈತೊಳೆದುಕೊಳ್ಳುವುದನ್ನು ನಾವು ನಿಲ್ಲಿಸಬೇಕು.

ನಮ್ಮ ಮಲೆನಾಡಿನ ಜಮೀನಿನ ಜಂಟಿ ಖಾತೆಯನ್ನೇ ನೋಡಿ. ಒಬ್ಬ ರೈತನಿಗೆ ಹಲವು ಸರ್ವೆ ನಂಬರುಗಳಿರುತ್ತವೆ. ಹಿಸ್ಸೆಯಾಗದ ತೋಟವಾದರೆ ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರಿರುತ್ತದೆ. ತೀರ್ಥಹಳ್ಳಿ ಕಡೆಯ ಒಂದು ಸಂಘಕ್ಕೆ ನಾನೇ ಬರೆದುಕೊಟ್ಟ ತಂತ್ರಾಂಶದಲ್ಲಿ ಈ ನಂಟನ್ನು ಹಿಡಿದಿಡುವ ಕೋಷ್ಟಕಕ್ಕೆ ಐಡಿಯೊಂದೇ ಕೀ ಆಗಿತ್ತು. ಮುಂಗಾರಿಗೆ ಮೊದಲು ಕೊಳೆರೋಗದ ಔಷಧಿಗೆಂದು ವಿಸ್ತೀರ್ಣದ ಲೆಕ್ಕದಲ್ಲಿ ಮೈಲುತುತ್ತ ಹಂಚುವ ದಿನ, ಹಿರಿಯ ರೈತರೊಬ್ಬರು ಯಾದಿಯ ಮೇಲೆ ಬೆರಳಿಟ್ಟು, "ಮಾರಾಯಾ, ನನ್ನ ತೋಟ 3 ಎಕರೆ ಯಾವಾಗ ಆಯ್ತು? ನಂಗೆ ಹೆಚ್ಚು ಕೊಟ್ರೆ ಹಿಂದೆ ನಿಂತೋರಿಗೆ ಕಡಿಮೆ ಬೀಳ್ತದಲ್ಲ" ಎಂದರು. ಅವರ ಪಾಲು 1 ಎಕರೆ 20 ಗುಂಟೆ. ನೆಟ್‌ವರ್ಕ್ ನಿಧಾನವಾಗಿದ್ದಾಗ ಗುಮಾಸ್ತರು ಉಳಿಸುವ ಗುಂಡಿಯನ್ನು ಎರಡು ಬಾರಿ ಒತ್ತಿದ್ದರು. ಅದೇ ರೈತ, ಅದೇ ಸರ್ವೆ ನಂಬರು. ಐಡಿ ಮಾತ್ರ 4112 ಮತ್ತು 4113. ಎರಡು ಐಡಿಗಳು ಬೇರೆಯಾದ್ದರಿಂದ ಡೇಟಾಬೇಸ್ ಎರಡನ್ನೂ ಒಪ್ಪಿಕೊಂಡಿತ್ತು. ತಪ್ಪು ಗುಮಾಸ್ತರದ್ದಲ್ಲ, ನನ್ನದು.

ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನು ಕೋಷ್ಟಕಗಳಾಗಿ ಕಾಣುವ ಸಂಬಂಧ ಮಾದರಿಯನ್ನು (ರಿಲೇಷನಲ್ ಮಾಡೆಲ್) ಮುಂದಿಟ್ಟಾಗ ಅದರ ಬುಡದಲ್ಲಿದ್ದದ್ದು ಗಣಿತದ ಗಣ, ಅಂದರೆ ಸೆಟ್. ಗಣದಲ್ಲಿ ಒಂದೇ ಸದಸ್ಯ ಎರಡು ಬಾರಿ ಇರಲಾರದು. ರೈತ ಮತ್ತು ಸರ್ವೆ ನಂಬರಿನ ಜೋಡಿಯೇ ಆ ಸಾಲಿನ ಗುರುತಾಗಿರುವಾಗ, ಆ ಜೋಡಿಯೇ ಕೀ ಆಗಬೇಕು.

ಇದರಿಂದ ವೇಗಕ್ಕೂ ಲಾಭವಿದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನ ಸಂಗ್ರಹ ವ್ಯವಸ್ಥೆಯಾದ ಇನ್ನೋಡಿಬಿ ಸಾಲುಗಳನ್ನು ಪ್ರೈಮರಿ ಕೀಯ ಕ್ರಮದಲ್ಲೇ ಜೋಡಿಸಿಡುವುದರಿಂದ, ರೈತನ ಕಾಲಂ ಮೊದಲಿದ್ದರೆ ಒಬ್ಬರ ಜಮೀನುಗಳೆಲ್ಲ ಅಕ್ಕಪಕ್ಕದಲ್ಲೇ ಸಿಗುತ್ತವೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಸಾಲುಗಳು ಹಾಗೆ ಕೂರುವುದಿಲ್ಲ. ಆದರೆ "ಈ ಸರ್ವೆ ನಂಬರಿನಲ್ಲಿ ಯಾರು ಯಾರಿದ್ದಾರೆ" ಎಂದು ಹುಡುಕಲು, ಸರ್ವೆ ನಂಬರಿನಿಂದ ಶುರುವಾಗುವ ಇನ್ನೊಂದು ಇಂಡೆಕ್ಸ್, ಅಂದರೆ ಹುಡುಕಾಟವನ್ನು ಚುರುಕಾಗಿಸುವ ಸೂಚಿ, ಎರಡರಲ್ಲೂ ಬೇಕು.

ಐಡಿ ಎಂದೂ ಬೇಡವೆಂದು ನಾನು ಹೇಳುತ್ತಿಲ್ಲ. ಬೆಳೆಸಾಲದ ಕೋಷ್ಟಕ ಈ ನಂಟಿನ ಸಾಲನ್ನೇ ತೋರಿಸಬೇಕಾದಾಗ ಐಡಿ ಅನುಕೂಲ. ವೆಬ್ ತಂತ್ರಾಂಶ ಬರೆಯಲು ಬಳಸುವ ಜಾಂಗೋ ಚೌಕಟ್ಟು ಕೂಡ 2025ರ 5.2ನೇ ಆವೃತ್ತಿಯವರೆಗೆ ಜೋಡಿ ಕೀಗೆ ಅವಕಾಶ ಕೊಟ್ಟಿರಲಿಲ್ಲ. ಐಡಿ ಇಟ್ಟರೂ ಜೋಡಿ ಮರುಕಳಿಸದಂತೆ ತಡೆಯುವ ಯುನೀಕ್ ನಿರ್ಬಂಧವನ್ನೂ ಎರಡೂ ಕಾಲಂಗಳಿಗೆ ಖಾಲಿ ಬಿಡದಂತೆ ತಡೆಯುವ ನಾಟ್ ನಲ್ ಅನ್ನೂ ಹಾಕಲೇಬೇಕು.

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಮಾರಿದ ತೋಟವನ್ನು ಅದೇ ರೈತ ಮತ್ತೆ ಕೊಂಡು, ಎರಡೂ ದಾಖಲೆ ಉಳಿಯಬೇಕಾದರೆ ಆರಂಭದ ದಿನಾಂಕವೂ ಕೀಯೊಳಗೆ ಬರಬೇಕು. ಹಳೆಯ ಕೋಷ್ಟಕಕ್ಕೆ ಜೋಡಿ ಕೀ ಹಾಕಹೊರಟಾಗ, ಒಂದೇ ಒಂದು ಪುನರಾವರ್ತನೆ ಉಳಿದಿದ್ದರೂ ಡೇಟಾಬೇಸ್ ಒಪ್ಪುವುದಿಲ್ಲ. ಮೊದಲು ಒಂದೇ ಬಗೆಯ ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಆದೇಶ ಹಾಕಿ ಅಂಥ ಜೋಡಿಗಳನ್ನು ಹುಡುಕಿ, ಅವುಗಳಲ್ಲಿ ಪಾಲಿನ ಅಂಕಿ ಬೇರೆಬೇರೆಯಾಗಿದ್ದರೆ ಯಾವುದು ಸರಿಯೆಂದು ಆ ರೈತರನ್ನೇ ಕೇಳಿ, ಆಮೇಲೆ ಹೆಚ್ಚುವರಿ ಸಾಲನ್ನು ಅಳಿಸಿ.